ನೀರು ಸಿಹಿಯಿದ್ದರೂ ಬಾಳೆ ಏಳುತ್ತಿಲ್ಲವೇ?

"ನೀರು ಸಿಹಿಯಾಗೇ ಇದೆ ಸಾರ್, ನಾವೂ ಅದನ್ನೇ ಕುಡಿಯೋದು. ಬಾಳೆ ಮಾತ್ರ ಏಳ್ತಿಲ್ಲ." ಕೋಲಾರ, ತುಮಕೂರು ಕಡೆಯ ಕೊಳವೆಬಾವಿ ರೈತರಿಂದ ಈ ಮಾತನ್ನು ಪದೇ ಪದೇ ಕೇಳುತ್ತೇನೆ. ಅವರ ಕೈಯಲ್ಲಿರುವುದು ಟಿಡಿಎಸ್ ಮೀಟರಿನ ಒಂದೇ ಒಂದು ಅಂಕಿ. ನೀರಿನಲ್ಲಿ ಉಪ್ಪಿನಂಶ ಒಟ್ಟು ಎಷ್ಟಿದೆ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ, ಯಾವ ಲವಣ ಎಂಬುದು ಗೊತ್ತಾಗುವುದಿಲ್ಲ.

ನಮ್ಮ ಗ್ರಾನೈಟ್ ಸೀಮೆಯ ನೀರಿನಲ್ಲಿ ನಾನು ಮೊದಲು ಹುಡುಕುವುದು ಬೈಕಾರ್ಬೊನೇಟನ್ನು, ಅಂದರೆ ಅಡುಗೆ ಸೋಡಾದಲ್ಲಿರುವ ಅಂಶವನ್ನು. ಒಂದು ವರದಿ ಹೀಗಿದೆ ಎಂದಿಟ್ಟುಕೊಳ್ಳಿ: ಒಟ್ಟು ಉಪ್ಪನ್ನು ತೋರಿಸುವ ವಿದ್ಯುತ್ ವಾಹಕತೆ (ಇ.ಸಿ.) ಮೀಟರಿಗೆ 1.1 ಡೆಸಿಸೀಮೆನ್ಸ್; ಲೀಟರಿಗೆ ಕ್ಯಾಲ್ಸಿಯಂ 2.5, ಮೆಗ್ನೀಸಿಯಂ 1.5, ಬೈಕಾರ್ಬೊನೇಟ್ 8 ಮಿಲಿಈಕ್ವಿವಲೆಂಟ್. ಇ.ಸಿ. ನೋಡಿದರೆ ಗಾಬರಿಯಾಗುವಂಥದ್ದೇನಿಲ್ಲ. ಆದರೆ ಬೈಕಾರ್ಬೊನೇಟಿನ 8ರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿದ 4 ಕಳೆಯಿರಿ, 4 ಉಳಿಯಿತು. ಇದೇ ಆರ್‌ಎಸ್‌ಸಿ, ಅಂದರೆ ಉಳಿಕೆ ಸೋಡಿಯಂ ಕಾರ್ಬೊನೇಟ್. 1.25ರ ಒಳಗಿದ್ದರೆ ಚಿಂತೆಯಿಲ್ಲ, 2.5 ದಾಟಿದರೆ ನೀರಾವರಿಗೆ ತಕ್ಕುದಲ್ಲ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಮಾನದಂಡ.

ಇಂಥ ನೀರು ಹಾಯಿಸಿದಂತೆಲ್ಲ ಮಣ್ಣಿನ ಕ್ಯಾಲ್ಸಿಯಂ ಸುಣ್ಣವಾಗಿ ಕೂರುತ್ತದೆ, ಆ ಜಾಗಕ್ಕೆ ಸೋಡಿಯಂ ಬರುತ್ತದೆ. ಒಣಗಿದ ಮೇಲೆ ಪಾತಿಯ ಮಣ್ಣು ಗಾರೆ ಹಾಕಿದಂತೆ ಗಟ್ಟಿಯಾಗುತ್ತದೆ. ಮುಂದಿನ ನೀರು ಇಂಗದೆ ಮೇಲೇ ನಿಲ್ಲುತ್ತದೆ. ಡ್ರಿಪ್ಪರಿನ ಬಾಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು: ಕಬ್ಬಿಣದಂಶ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುತ್ತಿಲ್ಲ. ಎಷ್ಟೋ ಜನ ಇದನ್ನು ರೋಗವೆಂದುಕೊಂಡು ಔಷಧಿ ಹೊಡೆದು ಹಣ ಕಳೆದುಕೊಳ್ಳುತ್ತಾರೆ. ನನಗೆ ನಿಜಕ್ಕೂ ಸಂಕಟವಾಗುವುದು ಅದಕ್ಕೆ.

ಬೆಳೆಯ ಆಯ್ಕೆಯೂ ಮುಖ್ಯ. ತೆಂಗು ಉಪ್ಪನ್ನು ಸಾಕಷ್ಟು ತಾಳುತ್ತದೆ, ಬಾಳೆ ತಾಳುವುದಿಲ್ಲ.

ಪರೀಕ್ಷೆಗೆ ಕೊಡುವ ನೀರನ್ನು ತೊಟ್ಟಿಯಿಂದ ತುಂಬಬೇಡಿ. ಮೋಟಾರು ಅರ್ಧ ಗಂಟೆ ಓಡಲಿ. ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ಬಾಯಿಮಟ್ಟ ತುಂಬಿ, ಬೇಗ ತಲುಪಿಸಿ. ಕುಡಿಯುವ ನೀರಿನ ಪರೀಕ್ಷೆಯಲ್ಲ, ನೀರಾವರಿಗೆ ಎಂದು ಹೇಳಿ, ಸೋಡಿಯಂ, ಬೈಕಾರ್ಬೊನೇಟ್ ಎರಡನ್ನೂ ಕೇಳಿ ಮಾಡಿಸಿ.

ಆರ್‌ಎಸ್‌ಸಿ ಒಂದು ಅಂಕ ಇಳಿಸಲು ಲಕ್ಷ ಲೀಟರ್ ನೀರಿಗೆ 8.6 ಕೆಜಿ ಶುದ್ಧ ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಬೇಕು. ಮೇಲಿನ ನೀರನ್ನು 4ರಿಂದ 2ಕ್ಕೆ ತರಲು ಸುಮಾರು 17 ಕೆಜಿ. ಅದನ್ನು ಡ್ರಿಪ್ ಪೈಪಿಗೆ ಬಿಡಬೇಡಿ, ಕಟ್ಟಿಕೊಳ್ಳುತ್ತದೆ. ಕೊಟ್ಟಿಗೆ ಗೊಬ್ಬರದ ಜೊತೆ ಪಾತಿಗೆ ಹಾಕಿ ಮಣ್ಣಿಗೆ ಬೆರೆಸಿ, ಮಳೆಗೆ ಮೊದಲೇ ಹಾಕಿದರೆ ಸೋಡಿಯಂ ಬೇರಿನಿಂದ ಕೆಳಗೆ ಬಸಿದುಹೋಗುತ್ತದೆ.