ಕೋಕ್ ಉಳಿಯಿತು, ಇಂಗಾಲ ಉಳಿಯಿತೇ?

ಅದಿರು ಕರಗಿಸಿ ಕಬ್ಬಿಣ ತೆಗೆಯುವ ಊದುಕುಲುಮೆಗೆ (ಬ್ಲಾಸ್ಟ್ ಫರ್ನೇಸ್) ಬಿಸಿಗಾಳಿ ನುಗ್ಗುವ ಪ್ರತಿಯೊಂದು ತಿದಿಮೂತಿಗೂ ಒಂದು ಪುಟ್ಟ ಇಣುಕುಗಿಂಡಿ ಇರುತ್ತದೆ. ನೀಲಿ ಗಾಜನ್ನು ಕಣ್ಣಿಗೆ ಅಡ್ಡ ಹಿಡಿದು ಅಲ್ಲಿ ನೋಡಿದರೆ, ಕೊರೆಯುವ ಬೆಳಕಿನ ನಡುವೆ ಕಪ್ಪು ಗರಿಯಂಥದ್ದೊಂದು ತೂಗಾಡುತ್ತಿರುತ್ತದೆ. ಅದೇ ಪುಡಿ ಕಲ್ಲಿದ್ದಲು. ಗರಿ ಕಾಣದೆ ಬರೀ ಬೆಳಕು ಕಣ್ಣು ಕುಕ್ಕಿದರೆ ಆ ಮೂತಿಗೆ ಪುಡಿ ತರುವ ಕೊಳವೆ ಕಟ್ಟಿಕೊಂಡಿದೆ ಎಂದೇ ಅರ್ಥ. ಪಾಳಿಗೆ ಬರುವ ಹೊಸಬರಿಗೆ ನಾನು ಮೊದಲು ಕಲಿಸುವುದು ಇದನ್ನೇ. ಒಟ್ಟು ಎಷ್ಟು ಟನ್ ಒಳಗೆ ಹೋಯಿತೆಂದು ಕಂಪ್ಯೂಟರ್ ಪರದೆ ಹೇಳುತ್ತದೆ. ಯಾವ ಮೂತಿ ಉಪವಾಸವಿದೆ ಎಂಬುದು ತಿಳಿಯಬೇಕಾದರೆ ಎದ್ದು ಹೋಗಿ ಇಣುಕಬೇಕು.

ಈ ಪುಡಿಯ ಗೊಡವೆ ಯಾಕೆ? ಕೋಕ್, ಅಂದರೆ ಗಾಳಿಯಾಡದ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡಿದ ಕಲ್ಲಿದ್ದಲು, ದುಬಾರಿ, ಅಷ್ಟೇ. ಅದನ್ನು ಬೇಯಿಸಲು ಬೇಕಾದ ಕೋಕಿಂಗ್ ಕಲ್ಲಿದ್ದಲಿನ ಬಹುಪಾಲನ್ನು ನಾವು ಹೊರದೇಶಗಳಿಂದ, ಅದರಲ್ಲೂ ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ತರಿಸುತ್ತೇವೆ. ಒಂದು ಟನ್ ಕರಗಿದ ಕಬ್ಬಿಣಕ್ಕೆ ಸುಮಾರು 500 ಕಿಲೋ ಇಂಧನ ಬೇಕು. ಅದರಲ್ಲಿ 150ರಿಂದ 200 ಕಿಲೋವನ್ನು ಅಗ್ಗದ ಕಲ್ಲಿದ್ದಲಿನ ಪುಡಿಯಾಗಿ ಕೆಳಗಿನಿಂದ ಊದಿದರೆ, ಮೇಲಿನಿಂದ ಸುರಿಯುವ ಕೋಕ್ ಹೆಚ್ಚುಕಡಿಮೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಜಪಾನಿನ ಫುಕುಯಾಮದ ಒಂದು ಕುಲುಮೆ 1998ರಲ್ಲಿ 266 ಕಿಲೋ ತನಕ ಹೋಗಿತ್ತು. ಅಲ್ಲಿಂದ ಮೇಲಕ್ಕೆ ಹೋಗುವುದು ಕಷ್ಟ. ಕೋಕ್ ಬರೀ ಸೌದೆಯಲ್ಲ. ಅದಿರೆಲ್ಲ ಮೆತ್ತಗಾಗಿ ಕರಗುವ ಜಾಗದಲ್ಲಿ ಗಟ್ಟಿಯಾಗಿ ನಿಂತು ಗಾಳಿಗೆ ದಾರಿ ಬಿಡುವುದೂ, ಇಡೀ ರಾಶಿಯನ್ನು ಹೊರುವುದೂ ಅದೇ. ಆ ಕೆಲಸವನ್ನು ಯಾವ ಪುಡಿಯೂ ಮಾಡಲಾರದು.

ಪುಡಿ ಎಂದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಮುಕ್ಕಾಲು ಪಾಲು 75 ಮೈಕ್ರಾನಿಗಿಂತ ಸಣ್ಣದಿರಬೇಕು. ಬಯಲಾಟದಲ್ಲಿ ರಕ್ಕಸನ ಪ್ರವೇಶಕ್ಕೆ ದೊಂದಿಯ ಮೇಲೆ ರಾಳದ ಪುಡಿ ಎರಚುವುದನ್ನು ಕಂಡವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ರಾಳದ ಗಟ್ಟಿಯನ್ನು ಬೆಂಕಿಗೆ ಹಾಕಿದರೆ ಹೊಗೆಯಾಡುತ್ತದೆ, ಪುಡಿ ಮಾಡಿ ಎರಚಿದರೆ ಭಗ್ಗನೆ ಉರಿಯುತ್ತದೆ. ಕುಲುಮೆಯಲ್ಲಿ ಆ ಭಗ್ಗಿಗೆ ಸಿಗುವ ಸಮಯ ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲು. ಅಷ್ಟರಲ್ಲಿ ಉರಿಯದ ಕಣ ಮಸಿಯಾಗಿ ಮೇಲೇರಿ, ಗಾಳಿಯ ದಾರಿಯಲ್ಲಿ ಕೂರುತ್ತದೆ ಅಥವಾ ದೂಳಿನೊಂದಿಗೆ ಹೊರಗೆ ಹೋಗುತ್ತದೆ. ಇನ್ನೊಂದು ತೊಡಕು: ತಣ್ಣಗಿನ ಪುಡಿ ಒಳಹೊಕ್ಕೊಡನೆ ಜ್ವಾಲೆಯ ಕಾವು ಇಳಿಯುತ್ತದೆ. ಅದಕ್ಕೆಂದೇ ಬಿಸಿಗಾಳಿಯ ಜೊತೆ ಹೆಚ್ಚುವರಿ ಆಮ್ಲಜನಕ ಬೆರೆಸುತ್ತೇವೆ.

ಒಂದು ಮಳೆಗಾಲದ ರಾತ್ರಿಪಾಳಿ ನೆನಪಾಗುತ್ತದೆ. ಒದ್ದೆ ಕಲ್ಲಿದ್ದಲು ಗಿರಣಿಯಲ್ಲಿ ಮೆತ್ತಿಕೊಂಡು ಪುಡಿಯ ಪೂರೈಕೆ ನಿಂತುಹೋಯಿತು. ಗಂಟೆಯೊಳಗೆ ಕಬ್ಬಿಣ ಮೊದಲಿಗಿಂತ ಬಿಸಿಯಾಗಿಯೇ ಬಂತು. ಪಾಳಿಯ ಹುಡುಗನಿಗೆ ಹಿಗ್ಗು. ‘ಸರ್, ಪುಡಿ ಇಲ್ಲದಿದ್ದರೂ ಕುಲುಮೆ ಚೆನ್ನಾಗಿದೆ’ ಎಂದ. ಮೋಸವಿರುವುದೇ ಅಲ್ಲಿ. ತಣಿಸುವ ಪುಡಿ ನಿಂತದ್ದರಿಂದ ಜ್ವಾಲೆಯ ಕಾವು ಏರಿತ್ತು, ನಿಜ. ಆದರೆ ಮೇಲಿನಿಂದ ಇಳಿದುಬರುತ್ತಿದ್ದದ್ದು ಪುಡಿಯನ್ನು ನಂಬಿ ಕೋಕ್ ಕಡಿಮೆ ಮಾಡಿದ್ದ ರಾಶಿ. ಅದು ಕೆಳಗೆ ಮುಟ್ಟಲು ಐದಾರು ಗಂಟೆ ಬೇಕು. ಮುಟ್ಟಿದ ಮೇಲೆ ಕುಲುಮೆ ತಣ್ಣಗಾಗತೊಡಗಿದರೆ ಯಾವ ಮದ್ದೂ ತಡವೇ. ಹಾಗಾಗಿ ಪುಡಿ ನಿಂತ ಕ್ಷಣವೇ ಆಮ್ಲಜನಕ ತಗ್ಗಿಸಿ, ಮೇಲಿನಿಂದ ಹೆಚ್ಚುವರಿ ಕೋಕ್ ಹಾಕಬೇಕು. ಆ ರಾತ್ರಿ ನಾವು ಅರ್ಧ ಗಂಟೆ ತಡ ಮಾಡಿದೆವು. ಬೆಳಗಿನ ಪಾಳಿಯವರ ಕೈಗೆ ಬಂದದ್ದು ಜಿಗುಟಾಗಿ ಹರಿಯಲೊಲ್ಲದ ಕಿಟ್ಟ.

ಈಗ ಇಂಗಾಲದ ಮಾತು. ಪುಡಿ ಊದುವುದನ್ನು ‘ಹಸಿರು ಕ್ರಮ’ ಎಂದು ವರದಿಗಳಲ್ಲಿ ಬರೆಯುವುದನ್ನು ಕಂಡಾಗೆಲ್ಲ ನನಗೆ ಕಸಿವಿಸಿ. ಲೆಕ್ಕ ಹಾಕಿ ನೋಡಿ. 150 ಕಿಲೋ ಪುಡಿಯಲ್ಲಿ ಇಂಗಾಲ ಶೇ 80 ಎಂದಿಟ್ಟುಕೊಂಡರೆ 120 ಕಿಲೋ ಒಳಹೋಯಿತು. ಒಂದು ಕಿಲೋ ಪುಡಿಗೆ 0.85 ಕಿಲೋ ಕೋಕ್ ಉಳಿದರೆ ಸುಮಾರು 127 ಕಿಲೋ ಕೋಕ್, ಅಂದರೆ 110 ಕಿಲೋ ಇಂಗಾಲ ಉಳಿಯಿತು. ಕುಲುಮೆಯ ಬಾಯಲ್ಲಿ ನಿಂತು ಎಣಿಸಿದರೆ ಇಂಗಾಲ ತುಸು ಹೆಚ್ಚೇ ಆಯಿತು! ಲಾಭ ಇರುವುದು ಕೋಕ್ ಒಲೆಗಳ ಕಡೆ: ಅಷ್ಟು ಕೋಕ್ ಬೇಯಿಸುವ ಹೊಗೆ, ಶಾಖ, ಖರ್ಚು ತಪ್ಪುತ್ತದೆ. ಅದು ಸಣ್ಣ ಲಾಭವಲ್ಲ. ಆದರೆ ಇಂಗಾಲದ ಬದಲು ಇಂಗಾಲ ಹಾಕಿ ಇಂಗಾಲ ಉಳಿಸಿದೆವು ಎನ್ನಬಾರದು.

ಜಲಜನಕ ಊದಿದರೆ ಬೇರೆ ಮಾತು. ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 2019ರಲ್ಲಿ, ಜಮ್‌ಶೆಡ್‌ಪುರದಲ್ಲಿ 2023ರ ಏಪ್ರಿಲ್‌ನಲ್ಲಿ ಅದರ ಪ್ರಯೋಗ ನಡೆದಿದೆ. ಅದಿರಿನ ಆಮ್ಲಜನಕವನ್ನು ಕಸಿದು ಅದು ನೀರಾವಿಯಾಗಿ ಹೋಗುತ್ತದೆ. ಆದರೆ ಆ ಕ್ರಿಯೆ ಶಾಖವನ್ನು ನುಂಗುತ್ತದೆ, ಮತ್ತೆ ರಾಶಿ ಹೊರಲು ಕೋಕ್ ಬೇಕೇ ಬೇಕು.

ಇದ್ದಿಲಿನ ಪುಡಿಯ ಬಗ್ಗೆ ನನಗೆ ಹೆಚ್ಚು ಒಲವು; ಅದರಲ್ಲಿರುವುದು ಮರ ಗಾಳಿಯಿಂದಲೇ ಹೀರಿಕೊಂಡ ಇಂಗಾಲ. ಭದ್ರಾವತಿಯ ಕುಲುಮೆ 1923ರಲ್ಲಿ ಶುರುವಾದದ್ದೇ ಮಲೆನಾಡಿನ ಕಾಡಿನ ಇದ್ದಿಲಿನಿಂದ. ಇದ್ದಿಲು ಮೆದು, ದೊಡ್ಡ ಕುಲುಮೆಯ ಭಾರಕ್ಕೆ ಪುಡಿಪುಡಿಯಾಗುತ್ತದೆ ಎಂಬುದು ಅದರ ಹಳೆಯ ದೂರು. ಪುಡಿ ಮಾಡಿಯೇ ಊದುವಾಗ ಆ ದೂರಿಗೆ ಅರ್ಥವಿಲ್ಲ. ಸರಿ, ಸೌದೆ ಎಲ್ಲಿಂದ? ದಿನಕ್ಕೆ 8,000 ಟನ್ ಕಬ್ಬಿಣ ಇಳಿಸುವ ಕುಲುಮೆಗೆ ಟನ್ನಿಗೆ 150 ಕಿಲೋದಂತೆ 1,200 ಟನ್ ಇದ್ದಿಲು ಬೇಕು. ಅದಕ್ಕೆ ಮೂರು ನಾಲ್ಕು ಪಟ್ಟು ಒಣಮರ. ನೆಟ್ಟು ಬೆಳೆಸಿದ ಮರವೇ ಆಗಬೇಕು, ಅದೂ ಪ್ರತಿದಿನ. ಪುಡಿಯಲ್ಲಿ ಹತ್ತನೇ ಒಂದು ಪಾಲನ್ನು ಬೆರೆಸಿದರೂ ನಾನು ಒಪ್ಪುತ್ತೇನೆ.

ಅಲ್ಲಿಯವರೆಗೆ ಕೈಗೆಟಕುವ ಉಳಿತಾಯ ಇರುವುದು ಯಾರೂ ಫೋಟೊ ತೆಗೆಸಿಕೊಳ್ಳದ ಜಾಗಗಳಲ್ಲಿ: ಸಿಂಟರಿನ (ಸುಟ್ಟು ಗಟ್ಟಿ ಮಾಡಿದ ಅದಿರಿನ ಪುಡಿಯ) ಜರಡಿ, ಬಿಸಿಗಾಳಿಯ ಒಲೆ, ಕೋಕಿನ ತೇವ. ಮಳೆಗಾಲದಲ್ಲಿ ತೂಕದ ಯಂತ್ರ ನೀರನ್ನೂ ಕೋಕ್ ಎಂದೇ ಎಣಿಸುತ್ತದೆ. ತೇವ ಎಷ್ಟೆಂದು ಗೊತ್ತಿಲ್ಲದ ಎಂಜಿನಿಯರ್ ಕುಲುಮೆ ತಣ್ಣಗಾದೀತೆಂಬ ಭಯಕ್ಕೆ ಟನ್ನಿಗೆ ಹತ್ತು ಕಿಲೋ ಜಾಸ್ತಿ ಹಾಕಿಸಿ ಮನೆಗೆ ಹೋಗಿ ನಿದ್ದೆ ಮಾಡುತ್ತಾನೆ. ನಾನೂ ಹಾಗೆ ಮಾಡಿದವನೇ. ‘ಧೈರ್ಯದ ಕೋಕ್’ ಎಂದು ನಾವು ಅದಕ್ಕೆ ಹೆಸರಿಟ್ಟಿದ್ದೆವು. 8,000 ಟನ್ನಿನ ಕುಲುಮೆಯಲ್ಲಿ ಅದು ದಿನಕ್ಕೆ 80 ಟನ್ ಕೋಕ್. ಚಿಮಣಿಯಲ್ಲಿ ಹೋಗುವ ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಸುಮಾರು 250 ಟನ್.