ಗುಂಡಿ ಸ್ವಲ್ಪ ತಿರುಗಿಸಿದರೆ ಸಾಕು, ಅಬ್ಬರ: ಹೆಡ್‌ಫೋನ್ ಆಂಪ್‌ಗೆ ಎಷ್ಟು ಗೇನ್ ಬೇಕು?

ಪ್ರಶ್ನೆ: 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಸಿಮಾಯ್ (CMoy, ಮನೆಯಲ್ಲೇ ಕಟ್ಟಬಹುದಾದ ಸರಳ ವಿನ್ಯಾಸ) ಮಾದರಿಯ ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಿದ್ದೇನೆ. ಯುಎಸ್‌ಬಿ ಡ್ಯಾಕ್‌ನಿಂದ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಆಗಿಸುವ ಸಾಧನ) ಸಿಗ್ನಲ್ ಕೊಡುತ್ತೇನೆ, ಹೆಡ್‌ಫೋನ್ 32 ಓಮ್‌ನದು. ವಾಲ್ಯೂಮ್ ಗುಂಡಿಯನ್ನು ಒಂಚೂರು ತಿರುಗಿಸುವಷ್ಟರಲ್ಲಿ ಸದ್ದು ತಡೆಯಲಾಗುವುದಿಲ್ಲ. ಅದಕ್ಕಿಂತ ಕೆಳಗಿಟ್ಟರೆ ಎಡಗಿವಿಗೆ ಜಾಸ್ತಿ, ಬಲಗಿವಿಗೆ ಕಡಿಮೆ. ಹಾಡು ನಿಲ್ಲಿಸಿದ ಮೇಲೂ ಸಣ್ಣಗೆ ‘ಸ್ಸ್’ ಎಂಬ ಸದ್ದು ಇದ್ದೇ ಇರುತ್ತದೆ. ಪಾಟ್ (ವಾಲ್ಯೂಮ್ ಗುಂಡಿಯ ಹಿಂದಿನ, ಬದಲಾಗುವ ರೆಸಿಸ್ಟರ್) ಬದಲಿಸಬೇಕೇ, ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ಬದಲಿಸಬೇಕೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ಹೇಳಿದ ಮೂರೂ ತೊಂದರೆಗಳ ಬೇರು ಒಂದೇ. ನಿಮ್ಮ ಆಂಪ್‌ನ ಗೇನ್, ಅಂದರೆ ಅದು ಸಿಗ್ನಲ್ ಅನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ನಿಮ್ಮ ಹೆಡ್‌ಫೋನ್‌ಗೆ ವಿಪರೀತ ಹೆಚ್ಚು.

ಸಿಮಾಯ್ ಸರ್ಕ್ಯೂಟ್‌ನಲ್ಲಿ ಔಟ್‌ಪುಟ್‌ನಿಂದ ಆಪ್‌ಆಂಪ್‌ನ ಮೈನಸ್ ಇನ್‌ಪುಟ್‌ಗೆ ಬರುವ ಫೀಡ್‌ಬ್ಯಾಕ್ ರೆಸಿಸ್ಟರ್ ಸಾಮಾನ್ಯವಾಗಿ 10 ಕಿಲೋಓಮ್, ಅಲ್ಲಿಂದ ಗ್ರೌಂಡ್‌ಗೆ ಇಳಿಯುವುದು 1 ಕಿಲೋಓಮ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಒಂದು ಕೂಡಿಸಿದರೆ ಗೇನ್: 11. ಡೆಸಿಬೆಲ್‌ನಲ್ಲಿ ಸುಮಾರು 21. ದುರ್ಬಲ ಸಿಗ್ನಲ್‌ನಿಂದ ದೊಡ್ಡ ಹೆಡ್‌ಫೋನ್ ನಡೆಸುವವರಿಗೆ ಅದು ಸರಿ. ನಿಮಗೆ ಎಷ್ಟು ಬೇಕು ಎಂಬುದನ್ನು ಹೆಡ್‌ಫೋನ್ ತುದಿಯಿಂದ ಹಿಂದಕ್ಕೆ ಲೆಕ್ಕ ಹಾಕಿ ನೋಡೋಣ.

ನಿಮ್ಮ ಹೆಡ್‌ಫೋನ್‌ನ ಸೆನ್ಸಿಟಿವಿಟಿ (ಕೊಟ್ಟ ಶಕ್ತಿಗೆ ಅದು ಮಾಡುವ ಸದ್ದು) 1 ಮಿಲಿವ್ಯಾಟ್‌ಗೆ 100 ಡೆಸಿಬೆಲ್ ಅಂದುಕೊಳ್ಳಿ. 32 ಓಮ್‌ನಲ್ಲಿ 1 ಮಿಲಿವ್ಯಾಟ್ ಅಂದರೆ 0.18 ವೋಲ್ಟ್. ಸಂಗೀತದ ಕ್ಷಣಿಕ ಏರಿಕೆಗಳಿಗೂ 110 ಡೆಸಿಬೆಲ್ ಧಾರಾಳ ಸಾಕು. ಅದಕ್ಕೆ 10 ಮಿಲಿವ್ಯಾಟ್, ಅಂದರೆ 0.57 ವೋಲ್ಟ್ ಬೇಕು. ಅನೇಕ ಡ್ಯಾಕ್‌ಗಳು ಪೂರ್ತಿ ಮಟ್ಟದಲ್ಲಿ ಕೊಡುವುದು 2 ವೋಲ್ಟ್. ಬೇಕಾದ್ದಕ್ಕಿಂತ ಮೂರೂವರೆ ಪಟ್ಟು ಸಿಗ್ನಲ್ ಬಾಗಿಲಲ್ಲೇ ಇದೆ! ಅದನ್ನು 11ರಿಂದ ಗುಣಿಸಿದರೆ 22 ವೋಲ್ಟ್. ಒಂದು 9 ವೋಲ್ಟ್ ಬ್ಯಾಟರಿಯಿಂದ ಸಿಗುವುದು ಹೆಚ್ಚೆಂದರೆ ಸುಮಾರು 2 ವೋಲ್ಟ್ ಆರ್‌ಎಂಎಸ್ (ತರಂಗದ ಪರಿಣಾಮಕಾರಿ ಸರಾಸರಿ; ಇಲ್ಲಿನ ಸಿಗ್ನಲ್ ವೋಲ್ಟ್‌ಗಳೆಲ್ಲ ಇದೇ ಲೆಕ್ಕದವು). ಅದರ ಮೇಲೆ ಹೋದರೆ ತರಂಗದ ತಲೆ ಕತ್ತರಿಸಿ ಹೋಗುತ್ತದೆ, ಸದ್ದು ಒಡೆಯುತ್ತದೆ. ಹೀಗಾಗಿ ಗುಂಡಿಯ ಮೇಲರ್ಧ ನಿಮ್ಮ ಉಪಯೋಗಕ್ಕೇ ಬರುವುದಿಲ್ಲ.

ಎಡಬಲ ವ್ಯತ್ಯಾಸವೂ ಇದರಿಂದಲೇ. ಜೋಡಿ ಪಾಟ್‌ನ ಎರಡು ಪಟ್ಟಿಗಳು ತಿರುವಿನ ಆರಂಭದಲ್ಲಿ ಒಂದಕ್ಕೊಂದು ಸರಿಯಾಗಿ ಹೊಂದುವುದಿಲ್ಲ, ಲಾಗ್ ಪಾಟ್‌ಗಳಲ್ಲಂತೂ (ಕಿವಿಯ ಗ್ರಹಿಕೆಗೆ ತಕ್ಕಂತೆ ಸದ್ದು ಏರಿಸುವ ಬಗೆ) ಇದು ಎದ್ದು ಕಾಣುತ್ತದೆ. ಗೇನ್ ಹೆಚ್ಚಿದ್ದಷ್ಟೂ ನೀವು ಆ ಮೂಲೆಯಲ್ಲೇ ಉಳಿಯಬೇಕಾಗುತ್ತದೆ. ಇನ್ನು ಆ ‘ಸ್ಸ್’ ಸದ್ದಿನ ಬಹುಪಾಲು ಹುಟ್ಟುವುದು ಪಾಟ್‌ನ ನಂತರ, ಆಪ್‌ಆಂಪ್‌ನ ಇನ್‌ಪುಟ್‌ನಲ್ಲಿ. ಗುಂಡಿ ಎಲ್ಲಿದ್ದರೂ ಅದು 11 ಪಟ್ಟಾಗಿ ಕಿವಿಗೆ ಬರುತ್ತದೆ.

ಪರಿಹಾರ ಸುಲಭ. ಎರಡೂ ಚಾನೆಲ್‌ಗಳಲ್ಲಿ 10 ಕಿಲೋಓಮ್ ತೆಗೆದು 1 ಕಿಲೋಓಮ್ ಹಾಕಿ. ಗೇನ್ 2 ಆಗುತ್ತದೆ, ಆ ಗದ್ದಲ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಶೇ 1ರ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳನ್ನೇ ಬಳಸಿ, ಎರಡೂ ಚಾನೆಲ್ ಸಮವಾಗಿರಲಿ. 10 ಕಿಲೋಓಮ್ ಅನ್ನು ಹಾಗೇ ಬಿಟ್ಟು ಗ್ರೌಂಡ್ ಕಡೆಯದನ್ನೂ 10 ಕಿಲೋಓಮ್ ಮಾಡಿದರೂ ಗೇನ್ 2 ಬರುತ್ತದೆ, ನಿಜ. ಆದರೆ ದೊಡ್ಡ ರೆಸಿಸ್ಟರ್ ತನ್ನದೇ ಗದ್ದಲ ಸೇರಿಸುತ್ತದೆ. ಸಣ್ಣದೇ ಮೇಲು.

ಒಂದು ಎಚ್ಚರಿಕೆ. ಎಲ್ಲ ಆಪ್‌ಆಂಪ್‌ಗಳೂ ಕಡಿಮೆ ಗೇನ್‌ನಲ್ಲಿ ಸ್ಥಿರವಾಗಿರುವುದಿಲ್ಲ. ಎನ್‌ಇ5532, ಒಪಿಎ2134 ಗೇನ್ 1ರಲ್ಲೂ ನೆಮ್ಮದಿಯಾಗಿರುತ್ತವೆ. ಒಪಿಎ637ಗೆ ಕನಿಷ್ಠ 5 ಬೇಕು. ಎನ್‌ಇ5534ಗೆ ಹೊರಗಿನಿಂದ ಕೆಪಾಸಿಟರ್ ಕೊಡದಿದ್ದರೆ ಕನಿಷ್ಠ 3. ಅದಕ್ಕಿಂತ ಇಳಿಸಿದರೆ ಆಂಪ್ ಕಿವಿಗೆ ಕೇಳದ ಆವರ್ತನದಲ್ಲಿ ತಾನೇ ಆಂದೋಲಿಸತೊಡಗಿ ಬಿಸಿಯಾಗುತ್ತದೆ. ಡೇಟಾಶೀಟ್ ನೋಡದೆ ಬೆಸುಗೆ ಹಾಕಬೇಡಿ.

ಗೇನ್ 2ರಲ್ಲೂ ಗುಂಡಿ ತೀರಾ ಕೆಳಗೇ ಉಳಿದರೆ, ಆಗ ಇನ್‌ಪುಟ್ ಸಿಗ್ನಲ್ ಇಳಿಸಿ. 10 ಕಿಲೋಓಮ್ ಪಾಟ್‌ನ ಮುಂದೆ, ಪ್ರತಿ ಚಾನೆಲ್‌ಗೂ ಸರಣಿಯಲ್ಲಿ 22 ಕಿಲೋಓಮ್ ಹಾಕಿದರೆ ಸಿಗ್ನಲ್ ಸುಮಾರು 10 ಡೆಸಿಬೆಲ್ ಕಡಿಮೆಯಾಗುತ್ತದೆ. ಹಲವರು ಮೊದಲು ಇದನ್ನೇ ಮಾಡಿ ಗೇನ್ ಅನ್ನು ಮುಟ್ಟದೇ ಬಿಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ: ಗುಂಡಿ ಸುಧಾರಿಸುತ್ತದೆ, ಗದ್ದಲ ಇದ್ದಲ್ಲೇ ಇರುತ್ತದೆ. ಮೊದಲು ಗೇನ್, ಆಮೇಲೆ ಇದು. ಫೋನಿನಂತಹ ದುರ್ಬಲ ಸಿಗ್ನಲ್ ಕೊಡುವ ಸಾಧನಕ್ಕೂ ಇದೇ ಆಂಪ್ ಬೇಕೆಂದರೆ ಈ ರೆಸಿಸ್ಟರ್‌ಗಳನ್ನು ಒಂದು ಸ್ವಿಚ್‌ನಿಂದ ಸೇರಿಸುವ, ತೆಗೆಯುವ ವ್ಯವಸ್ಥೆ ಮಾಡಿಕೊಳ್ಳಿ.

ಬದಲಾವಣೆ ಮುಗಿದ ಮೇಲೆ ಹೆಡ್‌ಫೋನ್ ಸಿಕ್ಕಿಸಲು ಅವಸರ ಬೇಡ. ಔಟ್‌ಪುಟ್‌ಗೆ 33 ಓಮ್‌ನ ರೆಸಿಸ್ಟರ್ ಜೋಡಿಸಿ, ಮೊದಲು ಸಿಗ್ನಲ್ ಇಲ್ಲದೆ ಡಿಸಿ ವೋಲ್ಟೇಜ್ ಅಳೆಯಿರಿ. 20 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ಗೇನ್ ಇಳಿಸಿದ್ದರಿಂದ ಇದೂ ಸಾಮಾನ್ಯವಾಗಿ ಮೊದಲಿಗಿಂತ ಕಡಿಮೆಯಾಗಿರುತ್ತದೆ. ನಂತರ 100 ಹರ್ಟ್ಸ್ ಸೈನ್ ಸ್ವರ ನುಡಿಸಿ, ಆಂಪ್‌ನ ಇನ್‌ಪುಟ್‌ನಲ್ಲಿ 0.2 ವೋಲ್ಟ್ ಎಸಿ ಬರುವಂತೆ ಪ್ಲೇಯರ್‌ನ ಮಟ್ಟ ಹೊಂದಿಸಿ. ಅಗ್ಗದ ಮಲ್ಟಿಮೀಟರ್‌ಗಳು ಹೆಚ್ಚಿನ ಆವರ್ತನದಲ್ಲಿ ತಪ್ಪು ತೋರಿಸುತ್ತವೆ, ಹಾಗಾಗಿ 1000 ಹರ್ಟ್ಸ್ ಬೇಡ. ಗುಂಡಿ ಪೂರ್ತಿ ತಿರುಗಿಸಿದಾಗ, 22 ಕಿಲೋಓಮ್ ಇಲ್ಲದಿದ್ದರೆ, ಎರಡೂ ಚಾನೆಲ್‌ಗಳಲ್ಲಿ 0.4 ವೋಲ್ಟ್‌ನ ಆಸುಪಾಸು ಕಾಣಬೇಕು.

ಮುಂದೆಂದಾದರೂ 300 ಓಮ್‌ನ, 1 ಮಿಲಿವ್ಯಾಟ್‌ಗೆ 97 ಡೆಸಿಬೆಲ್‌ನ ಹೆಡ್‌ಫೋನ್ ಕೊಂಡರೆ ಲೆಕ್ಕ ಬೇರೆ. 110 ಡೆಸಿಬೆಲ್‌ಗೆ ಅದು 2.45 ವೋಲ್ಟ್ ಕೇಳುತ್ತದೆ. ಡ್ಯಾಕ್‌ನ 2 ವೋಲ್ಟ್ ಸಿಗ್ನಲ್ ಇದ್ದರೆ ಗೇನ್ 2 ಅದಕ್ಕೂ ಸಾಲುತ್ತದೆ. ಸಾಲದಿರುವುದು ಬ್ಯಾಟರಿ, ಅದನ್ನು ಯಾವ ಗೇನ್‌ನಿಂದಲೂ ತುಂಬಲಾಗುವುದಿಲ್ಲ. ಆಗ ಎರಡು ಬ್ಯಾಟರಿ ಸರಣಿಯಲ್ಲಿ ಜೋಡಿಸಿ 18 ವೋಲ್ಟ್ ಕೊಡಿ; ಅದಕ್ಕೂ ಮೊದಲು ಸರ್ಕ್ಯೂಟ್‌ನ ಕೆಪಾಸಿಟರ್‌ಗಳು ಅಷ್ಟು ವೋಲ್ಟೇಜ್ ತಾಳುತ್ತವೆಯೇ ನೋಡಿಕೊಳ್ಳಿ.