ಗೋಕಾಕದ ಮಹಾಪೂರಕ್ಕೆ ಲೆಕ್ಕ ಎಲ್ಲಿಂದ ಹಿಡಿಯಬೇಕು?

2019ರ ಆಗಸ್ಟಿನಲ್ಲಿ ಗೋಕಾಕದ ಲೋಳಸೂರ ಸೇತುವೆ ಘಟಪ್ರಭೆಯಲ್ಲಿ ಮುಳುಗಿತು. ಇದು ಹವಾಮಾನ ಬದಲಾವಣೆಯಿಂದಲೇ ಆಯಿತೇ ಎಂದು ಕೇಳಿದರೆ ಹೌದು, ಅಲ್ಲ ಎಂದು ಹೇಳಿಬಿಡಲು ಬರುವುದಿಲ್ಲ. ಭೂಮಿ ಇಷ್ಟು ಕಾಯದಿದ್ದರೆ ಇಂಥ ಮಳೆ ಎಷ್ಟು ವರ್ಷಕ್ಕೊಮ್ಮೆ ಬರುತ್ತಿತ್ತು, ಈಗ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಎಂದು ಕೇಳಬೇಕು.

ಮೊದಲು ಘಟನೆಗೆ ಗಡಿ ಹಾಕಬೇಕು, ಅಂದರೆ ಯಾವ ಪ್ರದೇಶದ, ಎಷ್ಟು ದಿನದ ಮಳೆ ಎಂದು ಗೊತ್ತುಮಾಡಬೇಕು. ಹೆಚ್ಚು ಎಡವುವುದೂ ಇಲ್ಲೇ. ಗೋಕಾಕದ ಮಳೆಮಾಪಕವೊಂದನ್ನೇ ನೋಡಿದರೆ ದಾರಿ ತಪ್ಪುತ್ತದೆ, ಏಕೆಂದರೆ ಊರಿಗೆ ನುಗ್ಗುವ ನೀರಿನ ಬಹುಪಾಲು ಸಹ್ಯಾದ್ರಿಯ ಕಡೆ ಬಿದ್ದ ಮಳೆ. ಹಾಗಾಗಿ ಮೇಲಿನ ಇಡೀ ಜಲಾನಯನದ, ಅಂದರೆ ಹೊಳೆಗೆ ನೀರು ಹರಿದುಬರುವ ಪ್ರದೇಶದ ಸರಾಸರಿ ಮಳೆ, ಅದರಲ್ಲೂ ಮೂರು ಅಥವಾ ಐದು ದಿನಗಳ ಮೊತ್ತ ಬೇಕು. ದಾಖಲೆ ಮುರಿದ ಅಂಕಿಗೆ ತಕ್ಕಂತೆ ಆಮೇಲೆ ಗಡಿ ಎಳೆದರೆ ಘಟನೆ ಇರುವುದಕ್ಕಿಂತ ಅಪರೂಪವಾಗಿ ಕಾಣುತ್ತದೆ.

ಅಂಕಿಗಳನ್ನೂ ಸೋಸಬೇಕು. ಮಳೆ ಅಳೆಯುವುದು ಬೆಳಗ್ಗೆ 8.30ಕ್ಕೆ. ಒಂದು ದಿನ ಅಳತೆ ತಪ್ಪಿದರೆ ಎರಡು ದಿನದ ಮಳೆ ಒಂದೇ ದಿನದ ಲೆಕ್ಕಕ್ಕೆ ಬಿದ್ದು ಸುಳ್ಳು ದಾಖಲೆ ಹುಟ್ಟುತ್ತದೆ. ನೆರೆಯ ಮಾಪಕಗಳ ಜೊತೆ ತಾಳೆ ನೋಡಿದರೆ ಸಿಕ್ಕಿಬೀಳುತ್ತದೆ.

ನಂತರ ಪ್ರತಿ ವರ್ಷದ ಅತಿ ದೊಡ್ಡ ಮೊತ್ತಗಳನ್ನು ಸಾಲಾಗಿಟ್ಟು, ಜಾಗತಿಕ ತಾಪಮಾನದ ಜೊತೆ ಅವು ಹೇಗೆ ಸರಿದಿವೆ ಎಂದು ನೋಡುತ್ತಾರೆ. ಉದಾಹರಣೆಗೆ, ಹಿಂದೆ 200 ವರ್ಷಕ್ಕೊಮ್ಮೆ ಬರುತ್ತಿದ್ದ ಮಳೆ ಈಗ 50 ವರ್ಷಕ್ಕೊಮ್ಮೆ ಬಂದರೆ ಸಂಭವ ನಾಲ್ಕು ಪಟ್ಟಾಯಿತು. ಇದನ್ನೇ ಹವಾಮಾನವನ್ನು ಲೆಕ್ಕದಲ್ಲಿ ಅನುಕರಿಸುವ ಕಂಪ್ಯೂಟರ್ ಮಾದರಿಗಳಲ್ಲೂ ಪರೀಕ್ಷಿಸಬೇಕು. ನಮ್ಮ ಕಡೆ ಅದು ಸುಲಭವಲ್ಲ. ಬೆಳಗಾವಿ ಒಂದೇ ಜಿಲ್ಲೆಯಲ್ಲಿ ಖಾನಾಪುರ ನೆನೆದು ತೊಯ್ದಿರುತ್ತದೆ, ಅಥಣಿ ಒಣಗಿರುತ್ತದೆ. ನೆಲವನ್ನು 100 ಕಿ.ಮೀ. ಚೌಕಗಳಾಗಿ ಹಂಚಿ ನೋಡುವ ಮಾದರಿ ಘಟ್ಟವನ್ನೇ ಚಪ್ಪಟೆ ಮಾಡಿಬಿಡುತ್ತದೆ. ಇಲ್ಲಿನ ಮಳೆಗಾಲವನ್ನು ಸರಿಯಾಗಿ ತೋರಿಸದ ಮಾದರಿಯನ್ನು ಮುಲಾಜಿಲ್ಲದೆ ಕೈಬಿಡಬೇಕು.

ಗಾಳಿ 1 ಡಿಗ್ರಿ ಕಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ. 2024ರ ವಯನಾಡು ದುರಂತದ ಮಳೆ ಹವಾಮಾನ ಬದಲಾವಣೆಯಿಂದ ಸುಮಾರು ಶೇ 10ರಷ್ಟು ಹೆಚ್ಚಾಗಿತ್ತು ಎಂದು ಇಂಥ ಲೆಕ್ಕ ಹಾಕುವ ವಿಜ್ಞಾನಿಗಳ ವರ್ಲ್ಡ್ ವೆದರ್ ಅಟ್ರಿಬ್ಯೂಷನ್ ತಂಡ ಅಂದಾಜಿಸಿತು. ಬಿಸಿಲಲೆಯ ಉತ್ತರ ಇನ್ನೂ ಗಟ್ಟಿ: 2022ರ ಭಾರತ–ಪಾಕಿಸ್ತಾನದ ಬಿಸಿಲಲೆಯ ಸಂಭವ ಸುಮಾರು 30 ಪಟ್ಟು ಹೆಚ್ಚಿತ್ತು. ವಿಜಯಪುರದಂಥ ಕಡೆಯ ಬರ ಮಾತ್ರ ಬಹಳ ಕಠಿಣ, ಅದರಲ್ಲಿ ಮಳೆ, ಮಣ್ಣಿನ ತೇವ, ಅಂತರ್ಜಲ ಮೂರೂ ಬೆರೆತಿರುತ್ತವೆ.

ಇಷ್ಟಾದರೂ ಇದು ಮಳೆಯ ಲೆಕ್ಕ, ಮಹಾಪೂರದ್ದಲ್ಲ. ಗೋಕಾಕದ ಮೇಲ್ಭಾಗದಲ್ಲಿ ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದಿಂದ ಯಾವ ಗಂಟೆಗೆ ಎಷ್ಟು ಕ್ಯುಸೆಕ್ ಬಿಟ್ಟರು, ಹೊಳೆದಂಡೆಯಲ್ಲಿ ಎಷ್ಟು ಮನೆ ಎದ್ದಿದ್ದವು ಎಂಬುದನ್ನು ಬೇರೆಯಾಗಿಯೇ ಅಳೆಯಬೇಕು. ಗೇಟಿನ ಆ ಗಂಟೆವಾರು ದಾಖಲೆ ಇಲ್ಲದೆ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ಮುಳುಗಿದವರಿಗೆ ಮಾಡುವ ಅನ್ಯಾಯ.